ಉಡಚವ್ವನ ಎಣ್ಣಿ ಬಾಟ್ಲಿ

ಬ್ಯಾಡಗಿಯೊಳಗ ರೈತರ ಮಾಲು ಮಾರಿಸಿಕೊಡೂ ಪ್ರಭುಲಿಂಗಪ್ಪನ ಅಡತಿ ಅಂಗಡಿ, ಅದರ ಹಿಂದ ಮೆಣಸಿನಕಾಯಿ ಗೋದಾಮ, ಗೋದಾಮಿನ ಹಿಂದ ಒಂದು ಸಣ್ಣ ಕೋಣಿ. ಮುರಕ ತಕ್ಕಡಿ, ಹರಕ ಚೀಲ, ಇಲಿ ಹಿಕ್ಕಿ, ಇಷ್ಟಽ ಇದ್ದ ಕೋಣಿ ಅದು. ಆ ಕೋಣಿಯೊಳಗ ಎಂಬತ್ತಾರನೇ ಇಸವಿಯಿಂದ ತೊಂಬತ್ತೊಂದರ ತನಕ, ಒಂದು ರವಿವಾರ ತಪ್ಪದಂಗ, ಒಂಬತ್ತು ಹುಡಿಗ್ಯಾರು ನೆಲದ ಮ್ಯಾಲ ಕುಂತು ಸುಟ್ಟ ಮೋಟರ ಬಿಚ್ಚತಿದ್ರು, ಮೊಳಿಗೆ ತಂತಿ ಸುತ್ತಿ ಅಯಸ್ಕಾಂತ ಮಾಡತಿದ್ರು, ಸೈಕಲ್ ಡೈನಮೋಕ್ಕ ಬಲ್ಬ್ ಹಚ್ಚಿ ಗಾಲಿ ತಿರುವಿ ತಿರುವಿ ನಗತಿದ್ರು ಅಂದ್ರ ಇವತ್ತು ಯಾರಿಗೂ ಖರೇ ಅನಸೂದಿಲ್ಲ. ಕಲಿಸಾಕಿ ಉಡಚವ್ವ. ನಾಕನೇತ್ತೆ ತನಕ ಸಾಲಿ ಕಲತಾಕಿ, ಫಿಜಿಕ್ಸ್ ಅನ್ನೂ ಶಬ್ದ ಕಿವಿಗೆ ಬಿದ್ದಿರಲಿಲ್ಲ, ಆದ್ರ ತಿರಗೂ ಮೋಟರಿನ ಮ್ಯಾಲ ಅಂಗೈ ಇಟ್ಟು, ಕಣ್ಣ ಮುಚ್ಚಿ, "ಇದು ಇನ್ನ ಎಂಟ ದಿನ ಬಾಳತೈತಿ ನೋಡ" ಅಂತ ಹೇಳಿದ್ರ ಒಂಬತ್ತನೇ ದಿನ ಆ ಮೋಟರ ವಾಪಸ್ ಬರೂದು. ಕಾಲೇಜಿನ ಲ್ಯಾಬಿನಾಗ ಮೀಟರ ಹಿಡಕೊಂಡು ಓದೂದನ್ನ ಆಕಿ ತನ್ನ ಅಂಗೈಲೆ ಓದತಿದ್ಲು.

ಹುಟ್ಟಿದ್ದು ಹಲಗೇರಿ. ಹದಿನೇಳಕ್ಕ ರಾಣೆಬೆನ್ನೂರಿನ ಮಾಲತೇಶಪ್ಪಗ ಕೊಟ್ರು. ಮಾಲತೇಶಪ್ಪ ಪಂಪ್‌ಸೆಟ್ಟಿನ ಸುಟ್ಟ ಮೋಟರ ತಂದು, ಹಳೇ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಅದು ಅಲಗಾಡದಂಗ ವಾರ್ನಿಶ್ ಹಾಕಿ ಕೊಡಾಂವ; ಮನಿ ಮುಂದಿನ ಪಡಸಾಲಿನಽ ಅಂಗಡಿ. ಮೊದಮೊದಲ ಗಂಡ ಸುತ್ತಾಂವ, ಹೆಂಡತಿ ಮಗ್ಗಲಕ ಕುಂತು ಸುತ್ತು ಎಣಿಸಾಕಿ. ಆಮ್ಯಾಲೆ ಕುಡದು ಕುಡದು ಅಂವನ ಕೈ ನಡುಗಾಕತ್ತಿದ ಮ್ಯಾಲ ಹೆಂಡತಿ ಸುತ್ತಾಕಿ, ಅಂವ ಬಾಗಲದಾಗ ಕುಂತು ಗಿರಾಕಿ ಕೂಡ ಮಾತಾಡಾಂವ. ಕಲಿಸೂ ಮುಂದ ಮಾತ್ರ ಅಂವ ಚಲೋ ಕಲಿಸಿದ್ದ. ತಂತಿ ಮುಟ್ಟೂಕಿಂತ ಮೊದಲ ಒಲಿ ಬೂದಿಲೆ ಕೈ ತಿಕ್ಕಬೇಕು, ಒಣ ಅರಿವಿಲೆ ಒರಸಬೇಕು, ಬೆವರ ಬಂದ್ರ ಎದ್ದು ಮತ್ತ ತಿಕ್ಕಬೇಕು. "ಜಿಡ್ಡ ಮುಟ್ಟಿದಲ್ಲೆ ವಾರ್ನಿಶ್ ಕೂಡ್ರೂದಿಲ್ಲ ಲೇ. ಕೂತಂಗ ಕಾಣತೈತಿ, ಕೂತಿರೂದಿಲ್ಲ" ಅಂತಿದ್ದ. ಮದವಿ ಆಗಿ ಹತ್ತು ವರ್ಷಕ್ಕ, ಒಂದು ಮಳಿಗಾಲದಾಗ, ಹಸಿ ನೆಲದ ಮ್ಯಾಲ ಬರಿಗಾಲಿಲೆ ನಿಂತು ಒಂದು ಮೋಟರ ಟೆಸ್ಟ್ ಮಾಡಾಕ ಹೋಗಿ ಅಲ್ಲೇ ಬಿದ್ದ. ಏಳಲಿಲ್ಲ.

ಮರು ತಿಂಗಳದಿಂದ ಒಬ್ಬ ರೈತ ಮೋಟರ ತರಲಿಲ್ಲ. ವರ್ಷಗಟ್ಟಲೆ ಆಕೀನ ಸುತ್ತಿದ ಮೋಟರಲೆ ನೀರ ಎತ್ತಿದವರಽ, "ಹೆಣ್ಣಮಗಳ ಕೈಯಾಗ ಹೆಂಗ ಕೊಡೂದ್ರಿ" ಅಂದ್ರು. ಮಕ್ಕಳಿರಲಿಲ್ಲ. ಉಡಚವ್ವ ಗಂಡನ ಸಾಮಾನದ ಪೆಟ್ಟಿಗಿ ತಲಿ ಮ್ಯಾಲ ಹೊತ್ತು ಬ್ಯಾಡಗಿಗೆ ಬಂದು, ಪ್ರಭುಲಿಂಗಪ್ಪನ ಗೋದಾಮಿನಾಗ ಮೆಣಸಿನಕಾಯಿ ತೊಟ್ಟು ಬಿಡಸಾಕ ಕುಂತ್ಲು. ಊರಾಗಿನ ಮೆಕ್ಯಾನಿಕ್‌ಗೋಳು ಮಾತ್ರ ಆಕಿ ಮನಿ ಹಿತ್ತಲ ಬಾಗಲಕ್ಕ ಮೋಟರ ತಂದು ಇಟ್ಟು, ಸುತ್ತಿಸಿಕೊಂಡು ಹೋಗಿ, ತಾವಽ ಸುತ್ತೇವಿ ಅಂತ ಹೇಳಿ ಕೊಡತಿದ್ರು.

ತೊಟ್ಟು ಬಿಡಸೂದು ಅಂದ್ರ ಏನು ಅಂತ ಗೊತ್ತಿಲ್ಲದವರಿಗೆ ಹೇಳಬೇಕು. ಕೆಂಪ ಮೆಣಸಿನಕಾಯಿ ರಾಶಿ ಮುಂದ ಹೆಂಗಸರು, ಹುಡಿಗ್ಯಾರು ಸಾಲಾಗಿ ಕುಂತು ಒಂದೊಂದಽ ಕಾಯಿ ತೊಟ್ಟು ಕಿತ್ತಬೇಕು, ಮುಂಜಾನಿಂದ ಸಂಜೀತನಕ. ಖಾರ ಬೆರಳ ಸಂದಿಗೆ, ಉಗರ ಸಂದಿಗೆ ಇಳೀತೈತಿ. ನೀರಲೆ ತೊಳದ್ರ ಉರಿ ಇಮ್ಮಡಿ. ಶೇಂಗಾ ಎಣ್ಣಿ ಸವರಿಕೊಂಡ್ರ ಒಂದೀಟು ತಣ್ಣಗ. ಅಲ್ಲಿ ಎಲ್ಲಾರೂ ಮಾಡೂದು ಅದನ್ನಽ, ಹುಟ್ಟಿದಾಗಿಂದ.

ಒಂದಿನ ಗೋದಾಮಿನ ಫ್ಯೂಸ್ ಹೋಗಿ ಕತ್ತಲಾತು. ಉಡಚವ್ವ ಎದ್ದು ಒಂದು ಎಳಿ ತಂತಿ ಹಾಕಿ ಲೈಟ್ ಬರಿಸಿದ್ಲು. ಆಕಿ ಹಿಂದ ಒಂದು ಸಣ್ಣ ಹುಡಿಗಿ ಬಂದು ನಿಂತಿತ್ತು, ಹತ್ತು ವರ್ಷದ್ದು, ಜಯವ್ವ. ಅವ್ವ ಅಪ್ಪ ಇಲ್ಲದ ಕೂಸು, ತೊಟ್ಟು ಬಿಡಸೂ ಉಚ್ಚಂಗೆವ್ವನ ಮೊಮ್ಮಗಳು.

"ಅದರೊಳಗ ಏನ ಹರೀತೈತಿ?" ಅಂತು ಹುಡಿಗಿ.

"ನನಗೂ ಗೊತ್ತಿಲ್ಲ ಬಾ, ಕೂಡಿ ನೋಡೂಣು" ಅಂದ್ಲು ಉಡಚವ್ವ.

ರವಿವಾರಗೋಳು ಸುರು ಆಗಿದ್ದು ಹಿಂಗ. ಜಯವ್ವ ಬಂದ್ಲು, ಆಕಿ ಹಿಂದ ಜೈತೂನಬಿ ಬಂದ್ಲು, ಹಿಂದ ಹಿಂದ ಒಂಬತ್ತು ಆದ್ರು. ಪ್ರಭುಲಿಂಗಪ್ಪ ಹಿಂದಿನ ಕೋಣಿ ಕೊಟ್ಟ, ಕೊಟ್ಟ ಅಂದ್ರ ಬ್ಯಾಡ ಅನಲಿಲ್ಲ, ಅಷ್ಟಽ. ಸಾಲಿಯೊಳಗ ಸಾಯನ್ಸ್ ಸಾಮಾನೆಲ್ಲ ಕಪಾಟಿನಾಗ ಕೀಲಿ ಹಾಕಿ ಇಡತಿದ್ರು, ಇಲ್ಲೆ ಎಲ್ಲಾ ತೊಡಿ ಮ್ಯಾಲ. ಹುಡಿಗ್ಯಾರು ಉಡಚವ್ವಗ ಸಾಲಿ ಮಾಸ್ತರಿಣಿಗೆ ಅಂದಂಗ ಅಕ್ಕೋರ ಅಂತಿದ್ರು.

"ನಾ ಯಾವ ಸೀಮಿ ಅಕ್ಕೋರು, ಸಹಿ ಮಾಡಾಕ ಎರಡ ನಿಮಿಷ ಬೇಕು ನನಗ" ಅಂತಿದ್ಲು ಆಕಿ.

"ನಮ್ಮ ಸಾಲಿ ಅಕ್ಕೋರಿಗೆ ಫ್ಯೂಸ್ ಹಾಕಾಕ ಎರಡ ಜನ್ಮ ಬೇಕ್ರಿ" ಅಂತಿದ್ಲು ಜೈತೂನಬಿ. ಆಕಿ ಬಾಯಿ ಮೆಣಸಿನಕಾಯಿಕಿಂತ ಖಾರ. ಜಯವ್ವನ ಬಲಗೈ ಹೆಬ್ಬೆಟ್ಟಿನಾಗ ಕುಡಗೋಲ ಬಡದು ನಟ್ಟನಡುವ ಅಡ್ಡ ಗಾಯದ ಕಲಿ ಇತ್ತು. ಅದಕ್ಕ ಜೈತೂನಬಿ, "ಜೋಡ ಹೆಬ್ಬೆಟ್ಟಿನ ಜಯವ್ವ, ಎರಡ ಓಟ ಹಾಕತಾಳ" ಅಂತ ಕಾಡಸಾಕಿ.

ಉಡಚವ್ವನ ಕೋಣಿಯೊಳಗ ಒಂದಽ ಕಾನೂನು. ಸುಟ್ಟದ್ದನ್ನ ಎಲ್ಲಾರ ಮುಂದ ಬಿಚ್ಚಬೇಕು, ಎಲ್ಲಿ ಸುಟ್ಟೈತಿ, ಯಾಕ ಸುಟ್ಟೈತಿ ನೋಡಬೇಕು, ಏನೂ ಒರಸಬಾರದು, ಯಾರಿಗೂ ಬೈಬಾರದು. ಒಮ್ಮೆ ಜೈತೂನಬಿ ತಂತಿ ತಿರುವಮುರುವ ಜೋಡಿಸಿ ಬೆಲ್ ಸುಟ್ಟಾಗೂ ಹಂಗಽ, ಎಲ್ಲಾರೂ ಬಗ್ಗಿ ನೋಡಿದ್ರು, ಮೂಸಿದ್ರು, ಮುಗೀತು. ಗಂಡನ ಕಾನೂನು ಬ್ಯಾರೆ ಇತ್ತು, ಬೂದಿದು. ಅದನ್ನ ಉಡಚವ್ವ ಹುಡಿಗ್ಯಾರ ಮ್ಯಾಲ ಹೇರಲಿಲ್ಲ. ಮೊದಲನೇ ರವಿವಾರ ಹೇಳಿದ್ಲು ಖರೆ. ಮೆಣಸಿನಕಾಯಿ ಕೈಗೆ ಬೂದಿ ತಿಕ್ಕಿಕೊಂಡು ಜಯವ್ವ ಕೈ ಎದಿಗೆ ಅವಚಿ, ಬಾಯಿ ಬಿಡದಂಗ, ಕಣ್ಣೀರ ಸುರಿಸಿಕೋತ ಕುಂತಿದ್ದು ನೋಡಿ ಆಕಿ ಬೂದಿ ಹೊರಗ ಚೆಲ್ಲಿದ್ಲು. ಮುಂದಿನ ವಾರದಿಂದ ಕೋಣಿ ಹೊಸ್ತಿಲದಾಗ ಒಂದು ಬಾಟ್ಲಿ ಶೇಂಗಾ ಎಣ್ಣಿ ಇಟ್ಲು. ಬಂದವರೆಲ್ಲ ಮೊದಲ ಎಣ್ಣಿ ಸವರಿಕೊಂಡು, ಕೈ ತಣ್ಣಗ ಮಾಡಿಕೊಂಡು, ಲಂಗಕ್ಕ ಒರಸಿಕೊಂಡು ಒಳಗ ಬರೂದು. ಬೆಲ್ಲು, ಬಲ್ಬು, ಡೈನಮೋಕ್ಕ ಅಷ್ಟು ನಡೀತೈತಿ ಅಂದುಕೊಂಡ್ಲು. ನಡೀತು, ನಾಕ ವರ್ಷ.

ತೊಂಬತ್ತನೇ ಇಸವಿ ಕಡೀಕ ಮೆಣಸಿನಕಾಯಿ ಬೆಳಿ ಭರಪೂರ ಬಂತು. ಚೀಲ ಇಡಾಕ ಜಾಗ ಇಲ್ಲ. ಪ್ರಭುಲಿಂಗಪ್ಪ ಒಂದು ರವಿವಾರ ಕೋಣಿ ಬಾಗಲಕ್ಕ ಬಂದು ನಿಂತ.

"ಉಡಚವ್ವ, ಕೋಣಿ ಖಾಲಿ ಮಾಡಬೇಕವ್ವ. ಚೀಲ ಹಾಕಬೇಕು."

ಬ್ಯಾರೆ ಎಲ್ಲಿ ಹೋಗೂದು? ಆಕಿ ಮನಿ ಅಂದ್ರ ಒಂದು ಪತ್ರಾಸ ತಗಡಿನ ಮಾಡು, ಮುಂದ ಒಂದು ಗೇಣ ಕಟ್ಟಿ. ಸಾಲಿಯೊಳಗ ಕೇಳಿದ್ರ ನಕ್ಕಿದ್ರು. ಮತ್ತ ಹುಡಿಗ್ಯಾರ ಮನ್ಯಾಗ, ಗೋದಾಮಿನ ಹಿಂದ ಅಂದ್ರ ಅವ್ವಗೋಳ ಕಣ್ಣ ಮುಂದ ಅಂತ ಕಳಸತಿದ್ರು. ಕೋಣಿ ಹೋದ್ರ ರವಿವಾರ ಹೋತು, ಇದು ಎಲ್ಲಾರಿಗೂ ಗೊತ್ತಿತ್ತು. ಜಯವ್ವ ಆಗ ಹದಿನಾಲ್ಕರಾಕಿ. ಎದ್ದು ನಿಂತು ಅಂದ್ಲು:

"ಸಾವಕಾರ್ರ, ಗೋದಾಮಿನಾಗ ಘಾಟಿಗೆ ಎಲ್ಲಾರೂ ಕೆಮ್ಮತಾರ. ಅರ್ಧ ದಿನ ಕೆಮ್ಮಾಕಽ ಹೋಗತೈತಿ. ನಾವು ಒಂದು ದೊಡ್ಡ ಫ್ಯಾನ್ ಮಾಡಿ ಗ್ವಾಡಿಗೆ ಕೂಡ್ರಸ್ತೇವ್ರಿ. ಘಾಟೆಲ್ಲಾ ಹೊರಗ ಎಳೀತೈತಿ."

"ನೀವು ಮಾಡತೀರಿ."

"ಹೂನ್ರಿ."

ಪ್ರಭುಲಿಂಗಪ್ಪ ಕೆಟ್ಟಾಂವಲ್ಲ, ವ್ಯಾಪಾರಸ್ಥ. ಒಂದು ಗಳಿಗಿ ಉಡಚವ್ವನ ಮಾರಿ ನೋಡಿದ. "ಆತು. ಯುಗಾದಿ ತನಕ ನಿಲ್ಲದಂಗ ತಿರಗಲಿ, ಕೋಣಿ ನಿಮ್ಮದು, ನಾ ಕೇಳೂದಿಲ್ಲ. ನಡುವ ನಿಂತಿತೋ, ಅವತ್ತಽ ಕೀಲಿ ನನ್ನ ಕೈಯಾಗ."

ಆಮ್ಯಾಲಿನ ಎರಡ ತಿಂಗಳು ನೋಡಬೇಕಾಗಿತ್ತು. ಹಾವೇರಿ ಗುಜರಿಯಿಂದ ಒಂದು ಸುಟ್ಟ ಮೋಟರ ತಂದ್ರು. ಡಬ್ಬಿ ತಗಡು ಕತ್ತರಿಸಿ ಅಲಗು ಮಾಡಿದ್ರು, ಕಮ್ಮಾರನ ಕಡೆ ಬಗ್ಗಿಸಿಕೊಂಡು ಬಂದ್ರು, ಒಂದಲಗು ತೂಕ ಹೆಚ್ಚಾಗಿ ಮೋಟರ ಕುಣಿದಾಡಿದ್ದಕ್ಕ ಅರ ಹಚ್ಚಿ ತಿಕ್ಕಿ ತಿಕ್ಕಿ ಸರಿ ಮಾಡಿದ್ರು. ಮೋಟರಿನೊಳಗ ಇಪ್ಪತ್ನಾಕು ಸಂದಿ, ಒಂದೊಂದು ಸಂದಿಗೆ ಕಾಗದ ಹಾಕಿ ತಂತಿ ಸುರುಳಿ ಕೂಡ್ರಸಬೇಕು. ಒಬ್ಬಾಕಿ ಸುತ್ತೂದು, ಉಳದವರು ಒಟ್ಟಿಗೆ ಒದರಿ ಎಣಿಸೂದು. ಗೋದಾಮಿನ ಹೆಂಗಸರು, "ಏನ್ ಭಜನಿ ನಡಸೀರಿ" ಅಂತ ನಗೂದು. ವಾರ್ನಿಶ್ ಹಾಕಿ ನಾಕ ದಿನ ಬಿಸಲಿಗೆ ಇಟ್ರು. ಉಡಚವ್ವ ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿದ್ಲು. ಎಲ್ಲೂ ತಂತಿಗೆ ತಂತಿ ತಾಗಿ ಕೂಡಿರಲಿಲ್ಲ. ತಿರಗಿಸಿ ಅಂಗೈ ಇಟ್ಟು ನೋಡಿದ್ಲು. ತಣ್ಣಗಿತ್ತು.

ಎಣ್ಣಿದು ನೆನಪಾಗಲಿಲ್ಲೇನು? ಆತು. ಸುತ್ತಾಕ ಕುಂತ ಮೊದಲನೇ ದಿನ ಆತು. "ಚಲೋತಂಗ ಒರಸಿಕೊಳ್ರಿ" ಅಂದ್ಲು. ಒರಸಿಕೊಂಡ್ರು, ಲಂಗಕ್ಕ. ಬೂದಿ ತಿಕ್ಕ್ರಿ ಅನಬೇಕಂತ ಬಾಯಿತನಕ ಬಂತು, ಹುಡಿಗ್ಯಾರ ಬೆರಳ ನೋಡಿದ್ಲು, ಕೆಂಪಗ ಉಬ್ಬಿದ್ವು, ತಂತಿ ಸುರುಳಿ ಅವರ ಮುಂದ ಸರಿಸಿದ್ಲು.

ಜನವರಿ ಕಡೀ ವಾರ ಫ್ಯಾನ್ ತಿರಗಿತು. ಗೋದಾಮಿನಾಗ ಕೆಮ್ಮ ನಿಂತು ಬಿಡ್ತು. ಯಾರೋ ಕಿವಿ ಮುಚ್ಚಿದಂಗ ಆತು ಅಂತ ಹೆಂಗಸರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಪ್ರಭುಲಿಂಗಪ್ಪ ಬ್ಯಾರೆ ಅಡತಿಯವರನ್ನ ಕರಕೊಂಡು ಬಂದು ತೋರಿಸಿದ, "ನಮ್ಮ ಹುಡಿಗ್ಯಾರು ಮಾಡ್ಯಾರ" ಅಂದ. ನಮ್ಮ ಅನ್ನೂ ಶಬ್ದ ಹಿಡಕೊಂಡು ಜೈತೂನಬಿ ವಾರಗಟ್ಟಲೆ ನಕ್ಲು. ಉಚ್ಚಂಗೆವ್ವಗ ದಮ್ಮು ಇತ್ತು, ಉಸರ ಎಳಕೊಂಡ್ರ ಎದಿಯೊಳಗ ಸೀಟಿ ಹೊಡದಂಗ ಸಪ್ಪಳ. ಜಯವ್ವ ಆಯಿಯನ್ನ ಕೈ ಹಿಡದು ಕರಕೊಂಡು ಹೋಗಿ ಫ್ಯಾನಿನ ಕೆಳಗಽ ಕೂಡ್ರಿಸಿದ್ಲು. "ಇಲ್ಲಿ ಗಾಳಿ ಚಲೋ ಐತಿ ಆಯಿ."

"ಹೌದವ್ವ, ದೇವರ ಬೀಸಣಿಕಿ ಬೀಸಿದಂಗ ಐತಿ" ಅಂದ್ಲು ಮುದುಕಿ. ಅವತ್ತಿಂದ ಅದಽ ಆಕಿ ಜಾಗ.

ಇಪ್ಪತ್ತಮೂರು ದಿನ ತಿರಗಿತು. ಇಪ್ಪತ್ನಾಕನೇ ದಿನ, ಗುರುವಾರ, ಮಧ್ಯಾಹ್ನ ಬುತ್ತಿ ಬಿಚ್ಚೂ ಹೊತ್ತಿಗೆ ಫ್ಯಾನಿನ ಸಪ್ಪಳ ಬದಲಾತು. ಉಡಚವ್ವ ಗೋದಾಮಿನ ಇನ್ನೊಂದು ತುದಿಯಾಗ ಕುಂತಿದ್ಲು. ಕೇಳಿದ ಕೂಡ್ಲೆ ತಿಳೀತು, ಎದ್ದು ಸ್ವಿಚ್ಚಿನ ಕಡೆ ಓಡಿದ್ಲು. ಹತ್ತು ಹೆಜ್ಜಿ. ಮುಟ್ಟೂಕಿಂತ ಮೊದಲ ಫ್ಯೂಸ್ ಹೋತು, ಫ್ಯಾನ್ ನಿಂತಿತು. ಆದ್ರ ಅಷ್ಟೊತ್ತಿಗೆ ಉರಿಯೂ ವಾರ್ನಿಶ್ ಎರಡ ಹನಿ ಕೆಳಗ ಬಿದ್ದಿತ್ತು. ಕೆಳಗ ಒಣ ತೊಟ್ಟಿನ ರಾಶಿ. ಅದರ ಮಗ್ಗಲಕ ಹರಡಿದ ಮೆಣಸಿನಕಾಯಿ.

ಉರಿ ದೊಡ್ಡದೇನ ಆಗಲಿಲ್ಲ, ಹಮಾಲರು ಬಂದು ಹಸಿ ಚೀಲ ಒಗದು ಆರಿಸಿದ್ರು, ಐದಾರು ನಿಮಿಷದ ಮಾತು. ಹೊಗಿ ಮಾತ್ರ ಮೆಣಸಿನಕಾಯಿ ಹೊಗಿ. ಕಣ್ಣ ತಗಿಯಾಕ ಆಗಲಿಲ್ಲ, ಉಸರ ತಗೊಳ್ಳಾಕ ಆಗಲಿಲ್ಲ, ನಲವತ್ತು ಹೆಂಗಸರು ಒಂದಽ ಬಾಗಲಕ್ಕ ಬಿದ್ರು. ಎಲ್ಲಾರೂ ಹೊರಗ ಬಂದು ನೆಲದ ಮ್ಯಾಲ ಬಿದ್ದು ವಾಂತಿ ಮಾಡಾಕತ್ತಿದಾಗ ಜಯವ್ವ ಎಣಿಸಿ ನೋಡಿ, ಆಯಿ ಕಾಣದ್ದಕ್ಕ ಒಳಗ ನುಗ್ಗಿದ್ಲು. ಹಿಂದ ಉಡಚವ್ವ. ಇಬ್ಬರೂ ಕೂಡಿ ಮುದುಕಿಯನ್ನ ಎಳಕೊಂಡು ಬಂದ್ರು. ಜೀವ ಇತ್ತು. ಹಾವೇರಿ ದವಾಖಾನಿಗೆ ಒಯ್ದ್ರು. ಮೂರನೇ ದಿನ ಮುಂಜಾನೆ ಎದಿಯೊಳಗಿನ ಸೀಟಿ ನಿಂತು ಹೋತು.

ಪ್ರಭುಲಿಂಗಪ್ಪ ಮಣ್ಣಿಗೆ ಬಂದಿದ್ದ. ಮಣ್ಣ ಮುಗಿದ ಮ್ಯಾಲ ಉಡಚವ್ವನ ಮುಂದ ಕೈ ಚಾಚಿದ. ಬೈಲಿಲ್ಲ. ಬೈದಿದ್ರ ಚಲೋ ಇತ್ತು. ಆಕಿ ಸೆರಗಿನ ತುದಿಯಿಂದ ಕೋಣಿ ಕೀಲಿಕೈ ಬಿಚ್ಚಿ ಅಂವನ ಅಂಗೈಯಾಗ ಇಟ್ಲು. "ಆ ಮೋಟರ ಒಂದು ಕೊಡ್ರಿ" ಅಂದ್ಲು.

"ಅದನ್ನೇನ ಮಾಡತಿ ಇನ್ನ."

"ಬಿಚ್ಚಿ ನೋಡಬೇಕ್ರಿ."

ಊರಾಗ ಮಾತಿಗೇನು, ಹೆಣ್ಣುಡಿಗ್ಯಾರ ಕೈಯಾಗ ಕರೆಂಟ್ ಕೊಟ್ರ ಮತ್ತೇನ ಆಗತೈತಿ ಅಂದ್ರು. ಹಿತ್ತಲ ಬಾಗಲಕ್ಕ ಬರೂ ಮೆಕ್ಯಾನಿಕ್‌ಗೋಳೂ ಅಂದ್ರು. ಉಡಚವ್ವ ಮೋಟರ ಹೊತ್ತು ಮನಿಗೆ ತಂದ್ಲು. ಮುದುಕಿ ದಿನಕರ್ಮ ಆದ ಮ್ಯಾಲ ಬರೂ ರವಿವಾರ ಕಟ್ಟಿ ಮ್ಯಾಲ ಬಿಚ್ಚೂಣು ಅಂತ ಹುಡಿಗ್ಯಾರಿಗೆ ಹೇಳಿ ಕಳಿಸಿದ್ಲು.

ಕೋಣಿ ಹೋಗಿತ್ತು. ರವಿವಾರ ಇನ್ನೂ ಹೋಗಿರಲಿಲ್ಲ. ಅದು ಈ ಮೋಟರಿನೊಳಗ ಏನೈತಿ ಅನ್ನೂದರ ಮ್ಯಾಲ ಐತಿ ಅಂತ ಆಕಿಗೆ ಗೊತ್ತಿತ್ತು. ತಡಕೊಳ್ಳಾಕ ಆಗಲಿಲ್ಲ. ಶನಿವಾರ ಸಂಜೀಮುಂದ, ಒಬ್ಬಾಕೀನಽ, ತನ್ನ ಕಾನೂನು ತಾನಽ ಮುರದು ಬಿಚ್ಚಿದ್ಲು.

ಹನ್ನೊಂದನೇ ಸಂದಿಯೊಳಗಿನ ಸುರುಳಿ ಕರಕಲಾಗಿತ್ತು. ಅದರ ಬಾಜೂಕಿನ ಸಂದಿ ಅರ್ಧ ಉಳದಿತ್ತು. ಅಲ್ಲೆ ಕಾಗದದ ಮ್ಯಾಲ ವಾರ್ನಿಶ್ ಮೀನಿನ ಹುರುಪಿಯಂಗ ಎದ್ದಿತ್ತು, ಉಗರ ತಾಗಿಸಿದ ಕೂಡ್ಲೆ ಉದರಿತು. ಉದರಿದ ಜಾಗದಾಗ ಜಿಡ್ಡು, ಜಿಡ್ಡಿನ ಮ್ಯಾಲ ಸಣ್ಣ ಕೆಂಪ ಪುಡಿ, ಪುಡಿಯೊಳಗ ಒಂದು ಹೆಬ್ಬೆಟ್ಟಿನ ಗುರ್ತು. ನಟ್ಟನಡುವ ಅಡ್ಡ ಗೆರಿ.

ವಾರ್ನಿಶ್ ಕೂತಿರಲಿಲ್ಲ. ತಂತಿ ಸಡಲಾಗಿ ಇಪ್ಪತ್ತಮೂರು ದಿನ ಒಂದಕ್ಕೊಂದು ತಿಕ್ಕಿ ತಿಕ್ಕಿ ಮ್ಯಾಲಿನ ಪದರ ಸವದು, ತಂತಿಗೆ ತಂತಿ ಕೂಡಿ ಸುಟ್ಟಿತ್ತು. ಮಾಲತೇಶಪ್ಪ ಬಂದು ಮಗ್ಗಲಕ ಕುಂತು ಹೇಳಿದಂಗ ಆತು. ಆಮ್ಯಾಲೆ ಚಿಂದಿ ಅರಿವಿ ಸೀಮಿಎಣ್ಣ್ಯಾಗ ಅದ್ದಿ ಆ ಗುರ್ತ ಒರಸಿದ್ಲು.

ರವಿವಾರ ಐದು ಮಂದಿ ಬಂದ್ರು. ನಾಕ ಮಂದೀನ ಮನ್ಯಾಗ ಬಿಡಲಿಲ್ಲ. ಜಯವ್ವ ಎಲ್ಲಾರಿಗಿಂತ ಹಿಂದ ಕುಂತ್ಲು, ಮಾರಿ ಒಂದಽ ವಾರದಾಗ ಸಣ್ಣಾಗಿತ್ತು. ಯಾರೂ ನಗಲಿಲ್ಲ. ಉಡಚವ್ವ ಮೋಟರ ನಡುವ ಇಟ್ಟು ಹೇಳಿದ್ಲು, ಇಲ್ಲೆ ಸುಟ್ಟೈತಿ, ಇಲ್ಲೆ ವಾರ್ನಿಶ್ ಹಿಡದಿಲ್ಲ, ಯಾಕಂದ್ರ ಎಣ್ಣಿ. ಎಣ್ಣಿ ಬಾಟ್ಲಿ ಹೊಸ್ತಿಲದಾಗ ಇಟ್ಟಾಕಿ ನಾನು. ಇಡಬಾರದು ಅಂತ ನನಗ ಗೊತ್ತಿತ್ತು, ನನ್ನ ಗಂಡ ಹೇಳಿದ್ದ, ಇಟ್ಟೆ. ತಪ್ಪು ನಂದು. ನಿಮ್ಮನ್ಯಾಗೂ ಹಿಂಗಽ ಹೇಳ್ರಿ.

ಜಯವ್ವ ಮುಂದ ಬಂದು ಬಗ್ಗಿ ನೋಡಿದ್ಲು. ಎಲ್ಲಾ ಕಡೆ ಹೊಗಿ ಹತ್ತಿ ಕರ್ರಗಿದ್ದ ಕಾಗದದಾಗ ಒಂದು ಹೆಬ್ಬೆಟ್ಟಿನಷ್ಟು ಜಾಗ ಮಾತ್ರ ಸ್ವಚ್ಛ ಇತ್ತು.

"ಇಲ್ಲೆ ಒರಸೀರಿ" ಅಂದ್ಲು.

ಉಡಚವ್ವ ಮೋಟರ ತನ್ನ ಕಡೆ ಎಳಕೊಳ್ಳಾಕ ಹೋದ್ಲು, ಹುಡಿಗಿ ಬಿಡಲಿಲ್ಲ.

"ಏನೂ ಒರಸಬಾರದು ಅಂತ ನೀವಽ ಹೇಳಿದ್ರಿ. ಯಾಕ ಒರಸೀರಿ ಅಕ್ಕೋರ?"

ಸುಳ್ಳು ನಾಲಿಗಿ ತನಕ ಬಂತು. ಆ ಹುಡಿಗಿ ಕಣ್ಣ ನೋಡಿ ವಾಪಸ್ ಹೋತು.

"ಹೆಬ್ಬೆಟ್ಟು ನಿಂದು" ಅಂದ್ಲು ಉಡಚವ್ವ. "ಎಣ್ಣಿ ನಂದು."

ಜಯವ್ವ ತನ್ನ ಹೆಬ್ಬೆಟ್ಟು ಆ ಸ್ವಚ್ಛ ಜಾಗದ ಮ್ಯಾಲ ಇಟ್ಟು ನೋಡಿದ್ಲು. ಸರಿ ಕುಂತಿತು.

"ಆಯೀನ ಅಲ್ಲೆ ಕೂಡ್ರಿಸಿದಾಕೀನೂ ನಾನಽ" ಅಂದ್ಲು, ಮೆತ್ತಗ. "ಗಾಳಿ ಚಲೋ ಐತಿ ಅಂದೆ."

ಉಡಚವ್ವ ಆಕಿ ಹೆಗಲ ಮ್ಯಾಲ ಕೈ ಇಡಾಕ ಹೋದ್ಲು, ಹುಡಿಗಿ ಎದ್ದು ಹೋತು. ಉಳದವರೂ ಒಬ್ಬೊಬ್ಬರಽ ಎದ್ದು ಹೋದ್ರು. ಜೈತೂನಬಿ ಕಡೀಕ ಹೋದ್ಲು, ಹೋಗೂ ಮುಂದ ಸಾಮಾನೆಲ್ಲ ಪೆಟ್ಟಿಗ್ಯಾಗ ಜೋಡಿಸಿ ಇಟ್ಟು ಹೋದ್ಲು, ಸತ್ತವರ ಮನ್ಯಾಗ ಮಾಡಿದಂಗ.

ಮುಂದಿನ ರವಿವಾರ ಯಾರೂ ಬರಲಿಲ್ಲ. ತಪ್ಪು ತನ್ನದು ಅಂತ ಆಕೀನಽ ಒಪ್ಪಿಕೊಂಡಾಳ, ಇನ್ನ ಯಾರ ಕಳಸತಾರ. ಅದರ ಮುಂದಿನ ರವಿವಾರಾನೂ ಇಲ್ಲ. ಗೋದಾಮಿನಾಗ ಮತ್ತ ಕೆಮ್ಮ ಸುರು ಆಗಿತ್ತು, ಗ್ವಾಡ್ಯಾಗಿನ ತೂತಿಗೆ ತಗಡ ಬಡದಿದ್ರು. ಉಡಚವ್ವ ಆ ಕೆಮ್ಮಿನ ನಡುವ ತೊಟ್ಟು ಬಿಡಸತಿದ್ಲು, ಯಾರೂ ಆಕಿ ಮಗ್ಗಲಕ ಕುಂದ್ರತಿರಲಿಲ್ಲ. ಯುಗಾದಿ ಬಂತು, ಹೋತು.

ಯುಗಾದಿ ಮುಗಿದ ಮೊದಲನೇ ರವಿವಾರ, ಮಧ್ಯಾಹ್ನ, ಜಯವ್ವ ಬಂದ್ಲು. ಮುಂಜಾನಿಂದ ತೊಟ್ಟು ಬಿಡಿಸಿ ಬಂದಿದ್ಲು, ಬೆರಳು ಕೆಂಪಗ ಬಾತಿದ್ವು. ಎಣ್ಣಿ ಬಾಟ್ಲಿ ಉಡಚವ್ವನ ಮನಿ ಹೊಸ್ತಿಲದಾಗಽ ಇತ್ತು, ಸಾಮಾನದ ಜೋಡಿ ಬಂದು ಅಲ್ಲೇ ಉಳದಿತ್ತು. ಹುಡಿಗಿ ಅದನ್ನ ದಾಟಿ ಒಳಗ ಬಂದು ಒಲಿ ಮುಂದ ಕುಂತು, ಬೂದಿ ತಗದು ಎರಡೂ ಕೈಗೆ ತಿಕ್ಕಿಕೊಂಡ್ಲು. ಬೆರಳ ಸಂದಿಗೆ, ಉಗರ ಸಂದಿಗೆ. ಒಣ ಅರಿವಿಲೆ ಒರಸಿಕೊಂಡ್ಲು.

"ಉರೀತೈತಿ, ಬ್ಯಾಡ ಜಯಾ" ಅಂದ್ಲು ಉಡಚವ್ವ.

"ಉರೀಲ್ರಿ."

ಕಟ್ಟಿ ಮ್ಯಾಲಿನ ಸುಟ್ಟ ಮೋಟರ ಎಳಕೊಂಡ್ಲು. ಕರಕಲ ತಂತಿ ಕಿತ್ತಿ ತಗದ್ಲು, ಸಂದಿ ಕೆರದು ಸ್ವಚ್ಛ ಮಾಡಿದ್ಲು, ಹೊಸ ಕಾಗದ ಹಾಕಿದ್ಲು. ಸಂಜೀಕ ತಂತಿ ಸುತ್ತಾಕ ಸುರು ಮಾಡಿದ್ಲು. ಕಣ್ಣಾಗಿಂದ ನೀರ ಒಂದಽ ಸವನ ಇಳೀತಿತ್ತು, ಒರಸಿಕೊಳ್ಳಲಿಲ್ಲ. ಆ ಕೈಲೆ ಕಣ್ಣ ಮುಟ್ಟೂಹಂಗ ಇರಲಿಲ್ಲ. ಉಡಚವ್ವ ಮಗ್ಗಲಕ ಕುಂತು, ಹದಿನೇಳರಾಗ ಗಂಡನ ಮಗ್ಗಲಕ ಕುಂತಂಗ, ಸುತ್ತು ಎಣಿಸಾಕತ್ತಿದ್ಲು. ನಲವತ್ತು. ನಲವತ್ತೊಂದು. ಮೊದಲಾದ್ರ ಒಂಬತ್ತು ದನಿ ಇರತಿದ್ವು.